ಮೂರು ಕಚ್ಚಿನ ಪಟ್ಟಿ

"ಅದನ್ನ ಮುಟ್ಬೇಡಿ."

ಲಿಯೋರಾಳ ಕೈ ಅರ್ಧದಲ್ಲೇ ನಿಂತಿತು. ಒಕ್ರಕೋಕ್ ದ್ವೀಪದ ದಡದಲ್ಲಿ ಫೆರ್ರಿಗಾಗಿ ವಾಹನಗಳು ಸಾಲುಗಟ್ಟಿದ್ದವು. ಅವಳ ಹಳೇ ಜೀಪಿನ ಹಿಂಬದಿಯಲ್ಲಿ ಕಂಬಳಿ ಸುತ್ತಿದ ಉದ್ದನೆಯ ಗಂಟೊಂದಿತ್ತು. ಜೀಪು ಅವಳದು. ಗಂಟು ಮಾತ್ರ ಈಗಷ್ಟೇ ಬಂದ ಪ್ರವಾಸಿಯದು.

"ಹಗ್ಗ ಕಟ್ತೀನಿ ಅಷ್ಟೇ. ಇಲ್ದಿದ್ರೆ ದಾರೀಲಿ ಉರುಳುತ್ತೆ."

"ನಾನೇ ಕಟ್ತೀನಿ." ಆಮೇಲೆ ಆತ ದನಿ ತಗ್ಗಿಸಿದ. "ಕ್ಷಮಿಸಿ. ಹಳೇ ಸಾಮಾನು, ಅದಕ್ಕೆ."

ಅವನ ಹೆಸರು ಎಮೆಟ್. ಮರಗೆಲಸದವನ ಒರಟು ಕೈ, ಸಂಕೋಚದ ಕಣ್ಣು. ಮೂರು ದಿನ ದ್ವೀಪಗಳ ಮೇಲೆ ಉತ್ತರಕ್ಕೆ ಸಾಗುತ್ತ, ಮೊದಲ ವಿಮಾನದ ಗುರುತಿರುವ ಜಾಗಗಳನ್ನೆಲ್ಲ ತೋರಿಸಬೇಕು ಎಂದು ಲಿಯೋರಾಳನ್ನೇ ಹೆಸರು ಹಿಡಿದು ಹುಡುಕಿಕೊಂಡು ಬಂದಿದ್ದ. ಅವಳ ಕಸುಬೇ ಅದು, ಪ್ರವಾಸಿಗರನ್ನು ಸುತ್ತಾಡಿಸುವುದು.

ಚೆಂದದ ಕಣ್ಣು ಎಂದಿತು ಅವಳ ಮನಸ್ಸು. ಸುಳ್ಳು ಹೇಳುವವರಿಗೇ ಇಂಥ ಕಣ್ಣಿರುತ್ತದೆ ಎಂದು ಅದೇ ಮನಸ್ಸು ತಕ್ಷಣ ತಿದ್ದಿತು. ಅವಳ ಟಿಲೆಟ್ ಮನೆತನದ ಹೆಣ್ಣುಮಕ್ಕಳು ಯಾರನ್ನೂ ಅಷ್ಟು ಸುಲಭಕ್ಕೆ ನಂಬುವವರಲ್ಲ.

ಫೆರ್ರಿ ಹೊರಟಿತು. ಕಟಕಟೆಗೆ ಒರಗಿ ಆತ ಕೇಳಿದ, "ಕಿಟಿ ಹಾಕ್‌ನಲ್ಲಿ ಟಿಲೆಟ್ ಅವರ ಮನೆ ಇನ್ನೂ ಇದೆಯಾ?"

"ನಮ್ಮಜ್ಜಿ ಮನೆ ಅದು. ನಿಮಗ್ಯಾರು ಹೇಳಿದ್ರು?"

"ಎಲ್ಲೋ ಓದಿದ್ದೆ."

ಆ ಮನೆಯ ಬಗ್ಗೆ ಯಾರೂ ಎಲ್ಲೂ ಬರೆದಿರಲಿಲ್ಲ. ಬರೆಯಲು ಬಂದವರನ್ನು ಜೆನೋಬಿಯಾ ಅಜ್ಜಿ ಬೇಲಿಯಿಂದಲೇ ಓಡಿಸುತ್ತಿದ್ದಳು.

"ಓಹಾಯೋದವರಲ್ಲ ತಾನೆ ನೀವು?" ಲಿಯೋರಾ ಕೆಣಕಿದಳು. "ವಿಮಾನ ಮಾಡಿದ ಅಣ್ಣತಮ್ಮಂದಿರು ಆ ರಾಜ್ಯದೋರಂತೆ, ಅದಕ್ಕೇ ವಿಮಾನ ಹುಟ್ಟಿದ್ದೇ ನಮ್ಮಲ್ಲಿ ಅಂತ ಕಾರಿನ ನಂಬರ್ ಪ್ಲೇಟ್ ಮೇಲೂ ಬರ್ಕೊಂಡು ಮೆರೀತಾರೆ."

"ನಿಮ್ಮೋರೂ ಬರ್ಕೊಂಡಿದ್ದಾರಲ್ಲ, ಮೊದ್ಲು ಹಾರಿದ್ದು ನಮ್ಮಲ್ಲಿ ಅಂತ."

"ನಮ್ದು ನಿಜ. ಹಾರಿದ್ದು ನಮ್ಮ ಗಾಳೀಲಿ, ಬಿದ್ದಿದ್ದು ನಮ್ಮ ಮರಳಲ್ಲಿ. ನಮ್ಮನೇಲಂತೂ ಓಹಾಯೋ ಅನ್ನೋದು ಬೈಗುಳ. ನಿಮ್ಮದು ಯಾವೂರು?"

ಆತ ನೀರು ನೋಡಿದ. ಊರ ಹೆಸರು ಹೇಳಲು ಯಾರಿಗಾದರೂ ಅಷ್ಟು ಹೊತ್ತು ಬೇಕೇ?

"ಪಿಟ್ಸ್‌ಬರ್ಗ್," ಎಂದ ಕೊನೆಗೆ.

ಮಾರನೇ ಬೆಳಿಗ್ಗೆ ಹ್ಯಾಟರಸ್‌ನಲ್ಲಿ, ಮೊದಲ ಹಾರಾಟದ ಸುದ್ದಿ ತಂತಿಯಲ್ಲಿ ಹಾದುಹೋದ ಹಳೇ ಹವಾಮಾನ ಕಚೇರಿಯನ್ನು ತೋರಿಸಿದಳು. ಆತ ಗೋಡೆಯ ಹಲಗೆ ಹಲಗೆಯನ್ನೂ ಸವರಿ ನೋಡಿದ. ಹಾಗಿದ್ದೂ ಐದು ನಿಮಿಷಕ್ಕೊಮ್ಮೆ ಅವನ ಕಣ್ಣು ಜೀಪಿನತ್ತ ಓಡುತ್ತಿತ್ತು.

ಏನಿರಬಹುದು ಆ ಗಂಟಿನಲ್ಲಿ...

ದಡಕ್ಕೆ ಹೋದಾಗ ಒಂದು ಮೀನಿನ ಪೆಟ್ಟಿಗೆ ತೇಲಿಬಂದಿತ್ತು. ಲಿಯೋರಾ ಎಳೆಯಹೋದಳು, ಅಲೆ ಕಿತ್ತುಕೊಂಡಿತು. ಎಮೆಟ್ ಬೂಟು ಕೂಡ ಬಿಚ್ಚದೆ ಸೊಂಟದುದ್ದ ನೀರಿಗೆ ನುಗ್ಗಿ, ಎರಡು ಸಲ ಮುಗ್ಗರಿಸಿ, ಪೆಟ್ಟಿಗೆ ತಬ್ಬಿಕೊಂಡು ವಾಪಸ್ ಬಂದ. ಮೂಗಿನ ಮೇಲೊಂದು ಪಾಚಿ ಎಳೆ ನೇತಾಡುತ್ತಿತ್ತು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೀಗೆ ನಕ್ಕು ಎಷ್ಟು ಕಾಲವಾಗಿತ್ತೋ!

ಪೆಟ್ಟಿಗೆಯನ್ನು ಅಲೆಯ ಗೆರೆಯಿಂದ ಮೇಲಕ್ಕೆಳೆದು ಪಕ್ಕದಲ್ಲಿ ಒಂದು ಕೋಲು ನೆಟ್ಟಳು.

"ಕೋಲು ಯಾಕೆ?"

"ಗೆರೆ ದಾಟಿಸಿ ಕೋಲು ನೆಟ್ರೆ ಅದು ನಮ್ದು. ವಾರ ಬಿಟ್ಟು ಬಂದ್ರೂ ಇಲ್ಲಿ ಯಾರೂ ಮುಟ್ಟಲ್ಲ. ಮನೆಗೆ ಒಯ್ದ ಮೇಲೆ ಚಾಕೂಲಿ ಮನೆತನದ ಕಚ್ಚು ಹಾಕ್ತೀವಿ. ಹಿಂದೆ ಕುರಿ ಕಿವಿಗೆ ಹಾಕ್ತಿದ್ದ ಗುರುತು ಅದು. ಮುಳುಗಿದ ಹಡಗಿನ ಹಲಗೆ ಮಾತ್ರ ಈಗ ಒಯ್ಯೋ ಹಾಗಿಲ್ಲ. ಒಯ್ದವರು ಕಳ್ಳರು."

"ನಿಮ್ಮನೆಯದು ಮೂರು ಕಚ್ಚು ಅಲ್ವಾ?"

ಅವಳ ನಗು ನಿಂತುಹೋಯಿತು. ಮೂರು ಎಂದು ಅವಳು ಹೇಳಿರಲೇ ಇಲ್ಲ.

ಆತ ಅವಸರದಿಂದ ಬೂಟಿನ ನೀರು ಚೆಲ್ಲತೊಡಗಿದ. ಆ ಸಂಜೆ ಅವಳು ಬೇಕೆಂತಲೇ ಬೇರೆ ಮೇಜಿನಲ್ಲಿ ಊಟ ಮಾಡಿದಳು. ಹಡಗಿನ ಹಲಗೆ ಕದ್ದು ಗಂಟು ಕಟ್ಟಿದ್ದಾನೆ, ಅನುಮಾನವೇ ಇಲ್ಲ. ಈಗ ಅಜ್ಜಿಯ ಮನೆಯ ಮೇಲೂ ಕಣ್ಣು. ಇಷ್ಟೆಲ್ಲ ಗೊತ್ತಿದ್ದೂ ಆ ಪಾಚಿ ಮೆತ್ತಿದ ಮೂಗು ನೆನಪಾಗಿ ತುಟಿ ಅರಳುತ್ತಿತ್ತು. ತನ್ನ ಮೇಲೆ ತನಗೇ ಸಿಟ್ಟು ಬಂತು ಅವಳಿಗೆ.

ಮೂರನೇ ದಿನ ಕಿಲ್ ಡೆವಿಲ್ ಹಿಲ್ಸ್. ಮೊದಲ ದಿನದ ನಾಲ್ಕು ಹಾರಾಟಗಳು ಎಲ್ಲೆಲ್ಲಿ ನೆಲ ಮುಟ್ಟಿದವೋ ಅಲ್ಲಲ್ಲಿ ನಾಲ್ಕು ಕಲ್ಲು. ಎಮೆಟ್ ಕೊನೆಯ ಕಲ್ಲಿನ ತನಕ ಒಬ್ಬನೇ ನಡೆದುಹೋದ. ಲಿಯೋರಾ ಜೀಪಿನ ಹತ್ತಿರ ಉಳಿದಳು.

ಬೇರೆಯವರ ಗಂಟು ಬಿಚ್ಚುವುದು ತಪ್ಪು. ಗೊತ್ತಿದ್ದೇ ಬಿಚ್ಚಿದಳು.

ಹಡಗಿನ ಹಲಗೆಯಲ್ಲ. ತೆಳ್ಳಗೆ ಬಾಗಿದ, ಬೂದು ತಿರುಗಿದ ಮರದ ಪಟ್ಟಿ. ತುದಿಯಲ್ಲಿ ಮೂರು ಕಚ್ಚು.

ನೋಡದಿದ್ದರೂ ಗೊತ್ತಿದ್ದ ಸಾಮಾನು ಅದು. ವಿಮಾನ ಮಾಡಿದ ಆ ಅಣ್ಣತಮ್ಮಂದಿರು ಬಿಟ್ಟುಹೋದ ಎಂಜಿನ್ ಇಲ್ಲದ ಗ್ಲೈಡರ್ ಬಿರುಗಾಳಿಗೆ ಚೂರಾದಾಗ ಅಜ್ಜಿಯ ತಾತ ಎತ್ತಿಟ್ಟುಕೊಂಡ ರೆಕ್ಕೆಯ ಪಟ್ಟಿ. ಮೊದಲ ಹಾರಾಟಕ್ಕೆ ಐವತ್ತು ವರ್ಷವಾದಾಗ ಓಹಾಯೋದ ಡೇಟನ್ನಿನಿಂದ ಒಬ್ಬ ಬಂದು, ಪ್ರದರ್ಶನಕ್ಕೆ ಬೇಕು, ಒಂದೇ ತಿಂಗಳು ಎಂದಿದ್ದ. ಮನೆಯಲ್ಲಿದ್ದವಳು ಹನ್ನೆರಡು ವರ್ಷದ ಜೆನೋಬಿಯಾ ಒಬ್ಬಳೇ. ಕೊಟ್ಟುಬಿಟ್ಟಳು. ಪಟ್ಟಿ ಮರಳಿ ಬರಲೇ ಇಲ್ಲ. ಅವಳ ತಾಯಿ ತಾನು ಸಾಯುವವರೆಗೂ ಅದನ್ನೇ ಎತ್ತಿ ಮಗಳನ್ನು ಚುಚ್ಚಿದಳು.

ಎಮೆಟ್ ಬಂದು ನಿಂತಿದ್ದ. ಬಿಚ್ಚಿದ ಕಂಬಳಿ ನೋಡಿ ಅವನ ಮುಖ ಬಿಳಿಚಿಕೊಂಡಿತು.

"ಪಿಟ್ಸ್‌ಬರ್ಗ್ ಅಲ್ಲ ಅಲ್ವಾ?"

"ಡೇಟನ್. ಇದನ್ನ ಒಯ್ದವರು ನನ್ನ ತಾತ."

"ಕಳ್ಳ ಅನ್ನಿ."

"ಕಳ್ಳ," ಎಂದ ಎಮೆಟ್. "ಪ್ರದರ್ಶನ ಮುಗಿದ ಮೇಲೆ ಕಳಿಸೋಕೆ ಮನಸ್ಸಾಗ್ಲಿಲ್ಲ ಅವರಿಗೆ. ಆಮೇಲೆ ನಾಚಿಕೆ. ಹೋದ ಚಳಿಗಾಲ ತೀರ್ಕೊಂಡ್ರು. ಸಾಯೋ ಮುಂಚೆ, ಟಿಲೆಟ್ ಮನೆ ಹುಡುಗಿಗೆ ಕೈಯಾರೆ ಕೊಡು ಅಂದ್ರು. ಆ ಹುಡುಗಿ ಬದುಕಿದ್ದಾಳೋ ಇಲ್ವೋ ಅಂತ ಹುಡುಕ್ತಾ ನಿಮ್ಮ ಹೆಸರು ಸಿಕ್ತು."

"ಮೊದಲ್ನೇ ದಿನವೇ ಹೇಳ್ಬಹುದಿತ್ತು."

"ಫೆರ್ರಿ ಮೇಲೆ ಹೇಳೋಣ ಅಂತಿದ್ದೆ. ಓಹಾಯೋ ಬೈಗುಳ ಅಂದ್ರಿ, ಬಾಯಿ ಕಟ್ಟಿತು. ಮಾರನೇ ದಿನ ಹೇಳೋಣ ಅಂದ್ಕೊಂಡೆ. ಮಾರನೇ ದಿನ ನೀವು ನಕ್ಕುಬಿಟ್ರಿ." ಆತ ತಲೆ ತಗ್ಗಿಸಿದ. "ಹೇಳಿದ್ರೆ ಆ ನಗು ಮತ್ತೆ ನೋಡೋಕೆ ಸಿಗಲ್ಲ ಅನ್ನಿಸ್ತು."

ಅವಳ ಎದೆ ಒಮ್ಮೆ ಜಿಗಿಯಿತು. ಆದರೂ ಬಿಡಲಿಲ್ಲ.

"ನಿಮ್ಮ ತಾತನೂ ಹೀಗೇ ಅಂದ್ಕೊಂಡಿರ್ತಾನೆ. ಇವತ್ತು ಬೇಡ, ನಾಳೆ ಅಂತ. ಜೀಪ್ ಹತ್ತಿ."

ಕಿಟಿ ಹಾಕ್‌ನ ಮನೆಯ ಜಗುಲಿಯಲ್ಲಿ ಸೀಗಡಿ ಸುಲಿಯುತ್ತಿದ್ದ ಜೆನೋಬಿಯಾ ಅಜ್ಜಿ ತಲೆಯೆತ್ತಿದಳು. ಎಮೆಟ್ ಮಂಡಿಯೂರಿ ಪಟ್ಟಿಯನ್ನು ಅವಳ ಮಡಿಲಲ್ಲಿಟ್ಟ. ಅಜ್ಜಿ ಕೈ ಒರೆಸಿಕೊಂಡು ಬೆರಳಾಡಿಸಿದಳು. ಒಂದು. ಎರಡು. ಮೂರು.

"ಒಂದು ತಿಂಗಳು ಅಂದಿದ್ದ," ಎಂದಳು. "ನಮ್ಮಮ್ಮ ನೋಡ್ಬೇಕಿತ್ತು ಇದನ್ನ."

"ಇದನ್ನ ಒಯ್ದವರ ಮೊಮ್ಮಗ ನಾನು. ತಪ್ಪಾಯ್ತು, ಅಜ್ಜಿ."

"ಅವನನ್ನ ಕ್ಷಮಿಸೋದು ನನ್ನ ಕೈಲಿ ಆಗಲ್ಲ ಮಗಾ. ನೀನು ಮಾತ್ರ ಊಟ ಮಾಡ್ಕೊಂಡು ಹೋಗು." ಪಟ್ಟಿಯನ್ನು ಎದೆಗವಚಿಕೊಂಡು ಅಜ್ಜಿ ಅತ್ತಳು. ಲಿಯೋರಾ ತಟ್ಟೆ ತರಲು ಒಳಗೆ ಹೋದಳು.

ಹೊರಗೆ ಬರುವಷ್ಟರಲ್ಲಿ ಎಮೆಟ್ ಇರಲಿಲ್ಲ. ಕಂಬಳಿ ಮಾತ್ರ ಮಡಿಸಿಟ್ಟಿತ್ತು.

ಹೋಗಿಬಿಟ್ಟನೇ? ಮೂರು ದಿನ ಅವನ ಪ್ರತಿ ಮಾತನ್ನೂ ಅನುಮಾನಿಸಿದವಳು ಈಗ ಅವನು ಇರಲಿ ದೇವರೇ ಎಂದುಕೊಳ್ಳುತ್ತ ಸಮುದ್ರದ ದಡದವರೆಗೆ ಜೀಪು ಓಡಿಸಿದಳು.

ಅವನು ನೀರಿನಂಚಲ್ಲೇ ಕುಳಿತಿದ್ದ. ಅಲೆ ಬಂದು ಬೂಟು ತೋಯಿಸುತ್ತಿತ್ತು.

"ಅಜ್ಜಿ ಊಟಕ್ಕೆ ಕರೆದಿದ್ದು ಕೇಳಿಸ್ಲಿಲ್ವಾ?"

"ಆ ಮೇಜಿನಲ್ಲಿ ಕೂತ್ಕೊಳ್ಳೋ ಮುಖ ಇಲ್ಲ ನನಗೆ."

"ಒಂದು ಕೇಳ್ತೀನಿ, ನಿಜ ಹೇಳಿ. ಕೊಡೋದು ಕೊಟ್ಟಾಯ್ತು. ಇನ್ನೂ ಯಾಕೆ ಇಲ್ಲೇ ಕೂತಿದ್ದೀರಿ?"

ಈ ಸಲ ಅವನು ನೀರು ನೋಡಲಿಲ್ಲ, ಅವಳನ್ನೇ ನೋಡಿದ. "ಲಿಯೋರಾ, ನಿಮ್ಮನ್ನ ಬಿಟ್ಟು ಹೋಗೋಕೆ ಆಗ್ತಿಲ್ಲ. ಪ್ರೀತಿಸ್ತಿದ್ದೀನಿ. ಇದನ್ನ ನಾಳೆಗೆ ಇಡೋದು ಬೇಡ ಅನ್ನಿಸ್ತು."

ಅವಳ ಕಣ್ಣು ತುಂಬಿಬಂತು. ಅವನ ಕಾಲರ್ ಹಿಡಿದಳು. ಒದ್ದೆ ಮರಳಿನ ಮೇಲೆ ದರದರ ಎಳೆದು, ಅಲೆಯ ಗೆರೆ ದಾಟಿಸಿ, ಒಂದು ಕೋಲು ಹುಡುಕಿ ಪಕ್ಕದಲ್ಲಿ ನೆಟ್ಟಳು.

ಅವನು ಕೋಲನ್ನೇ ನೋಡಿದ. "ಇದು ಓಹಾಯೋದ ಸಾಮಾನು."

"ಗೊತ್ತು."

"ವಾಪಸ್ ಕೊಡೋ ಯೋಚನೆ ಇದೆಯಾ?"

"ಒಂದು ತಿಂಗಳು ಬಿಟ್ಟು ನೋಡೋಣ," ಎಂದು ಲಿಯೋರಾ ಅವನ ಕೈ ಹಿಡಿದು ಎಬ್ಬಿಸಿದಳು. "ಈಗ ನಡಿ, ಊಟ ಆರಿಹೋಗುತ್ತೆ."