ಪ್ರತಿಸಲವೂ ಒಂದು ಹೆಚ್ಚು

"ಇನ್ನೂರ ಐವತ್ತು ಸೊನ್ನೆ ಅಂದವರು ನೀವೇನಾ?"

ಭೂಮಿಕಾ ಕೇಳಿದ ರೀತಿಗೆ ಶಿರಸಿಯ ಆ ಕ್ಯಾಂಟೀನಿನಲ್ಲಿ ಪಕ್ಕದ ಮೇಜಿನವರು ದೋಸೆ ಮುರಿಯುವುದನ್ನೇ ನಿಲ್ಲಿಸಿದರು.

ಬನವಾಸಿಯ ಭರತ್ ಎದ್ದು ನಿಂತ. "ಹೌದ್ರಿ... ನಾನೇ."

ಇಬ್ಬರೂ ಮುಖ ನೋಡಿದ್ದು ಇದೇ ಮೊದಲು. ಪರಿಚಯ ಮಾತ್ರ ವಾಟ್ಸಾಪ್ ಗುಂಪಿನದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಹತ್ತು ಗಣಿತದ ಹುಚ್ಚರು ಇಬ್ಬಿಬ್ಬರು ಜೋಡಿಯಾಗಿ ವಾರಕ್ಕೊಮ್ಮೆ ಸಮಸ್ಯೆ ಕಳಿಸಿಕೊಳ್ಳುತ್ತಿದ್ದರು. ಉತ್ತರ ತಪ್ಪಿದರೆ, ಸಮಸ್ಯೆ ಕೊಟ್ಟವರೇ ಫೋನ್ ಮಾಡಿ ಬಿಡಿಸಿ ಹೇಳಬೇಕು. ನಿವೃತ್ತ ಮಾಸ್ತರ್ ಮಂಜಪ್ಪನವರ ಈ ನಿಯಮಕ್ಕೆ ಮೇಲ್ಮನವಿ ಇರಲಿಲ್ಲ.

ಹನ್ನೊಂದು ವಾರ ಭರತ್ ತಪ್ಪಿದ್ದ. ಹನ್ನೊಂದು ವಾರ ಸಿದ್ದಾಪುರದಿಂದ ಭೂಮಿಕಾ ಫೋನ್ ಮಾಡಿದ್ದಳು. ಫೋನ್ ಮಾಡುವ ದಿನ ಗುರುವಾರ; ಅದು ಬಂತೆಂದರೆ ಅವಳಿಗೆ ಸಾರಿನ ಉಪ್ಪೂ ತಿಳಿಯುತ್ತಿರಲಿಲ್ಲ!

ನಿನ್ನೆ ಸುಮ್ಮನೆ ಹಳೆಯ ಉತ್ತರಗಳನ್ನು ಸಾಲಾಗಿ ಬರೆದು ನೋಡಿದಳು. ಚದುರಂಗದ ಹಲಗೆಯಲ್ಲಿ ಚಿಕ್ಕವು ದೊಡ್ಡವು ಸೇರಿ 204 ಚೌಕ, ಅವನದು 205. ಹತ್ತು ನೇರ ಗೆರೆ ಎಳೆದರೆ ಹಾಳೆ ಹೆಚ್ಚೆಂದರೆ 56 ಭಾಗ, ಅವನದು 57. ಒಂದರಿಂದ ಸಾವಿರದವರೆಗೆ ಗುಣಿಸಿದರೆ ಕೊನೆಗೆ 249 ಸೊನ್ನೆ, ಅವನದು 250.

ಪ್ರತಿಸಲವೂ ಒಂದು ಹೆಚ್ಚು! ಸರಿ ಉತ್ತರ ಗೊತ್ತಿಲ್ಲದವನು ಇಷ್ಟು ಅಚ್ಚುಕಟ್ಟಾಗಿ ತಪ್ಪುವುದು ಸಾಧ್ಯವೇ ಇಲ್ಲ.

'ಎಲ್ಲ ಗೊತ್ತಿದ್ದೂ ನನ್ನ ಪಾಠ ಕೇಳಿ ಒಳಗೊಳಗೇ ನಗ್ತಿದ್ದನಾ...?'

"ಮಾಸ್ತರ್ರೇ, ನಂಗೆ ಬೇರೆ ಜೋಡಿ ಕೊಡಿ," ಎಂದಳು, ಭರತ್‌ನ ಪಕ್ಕ ಚಹಾ ಹಿಡಿದು ಕೂತಿದ್ದ ಮಂಜಪ್ಪನವರಿಗೆ.

"ಎಂತಕ್ಕೆ ತಂಗಿ? ಹುಡುಗ ದಡ್ಡ ಅಂತಲಾ?"

"ಅಲ್ಲ. ಜಾಣ. ಬೇಕಂತ್ಲೇ ತಪ್ಪು ಬರೆದು ನನ್ನ ಪಾಠಕ್ಕೆ ನಗ್ತಾರೆ. ಅದಕ್ಕೇ."

"ಬ್ಯಾಡ್ರೀ!" ಭರತ್‌ನ ದನಿ ಅಡುಗೆಮನೆಯವರೆಗೂ ಹೋಯಿತು. "ನಾನು ನಗಲಿಲ್ರಿ. ಮೊದಲನೇದು ಖರೇನ ತಪ್ಪಿತ್ರಿ, ಒಂದು ಹೆಚ್ಚಿಗಿ ಎಣಿಸಿದ್ದೆ. ನೀವು ಫೋನ್ ಮಾಡಿದ್ರಿ... ಆಮ್ಯಾಲೆ ಸರಿ ಬರಿಯಾಕ ಕೈನೇ ಬರಲಿಲ್ರಿ. ಸರಿ ಬರದ್ರ ನೀವು ಒಂದು ಟಿಕ್ ಹಾಕಿ ಸುಮ್ನಾಗ್ತಿದ್ರಿ!"

ಮಂಜಪ್ಪನವರು ತಮ್ಮ ಚಹಾ ಎತ್ತಿಕೊಂಡು ದೂರದ ಮೇಜಿಗೆ ಹೋದರು. ಗಣಿತದವರಿಗೂ ಕೆಲವೊಮ್ಮೆ ಅಷ್ಟು ವಿವೇಕವಿರುತ್ತದೆ.



"ಆ ಸೊನ್ನೆ ಲೆಕ್ಕ ಹೇಳೋಕೆ ಐದು ನಿಮಿಷ ಸಾಕಿತ್ತು," ಎಂದಳು ಭೂಮಿಕಾ. "ನಾನು ಐವತ್ತು ತಗೊಂಡೆ."

"ಯಾಕ್ರೀ?"

"ಎಂತ ಮಾರಾಯ್ರೆ... ಅಷ್ಟೆಲ್ಲ ಬರ್ತದೆ, ಇದು ಬರೂದಿಲ್ವಾ?"

ಅವನ ಕಿವಿ ಕೆಂಪಾಯಿತು. "ಬರ್ತೈತ್ರಿ... ಈ ಸಲ ಎಲ್ಲಿ ತಪ್ಪಾದೀತೋ ಅಂತ ಹೆದರಿಕಿ."

ಭೂಮಿಕಾ ಅವನೆದುರಿನ ಕುರ್ಚಿ ಎಳೆದು ಕೂತಳು.

"ತಪ್ಪಿಲ್ಲ," ಎಂದಳು.