ಅಜ್ಜಿ ಏನಂದ್ರು?

"ಅಮ್ಮಾ, ಆ ಆಪರೇಷನ್ ಬೇಡ... ನಾನಿದ್ದೀನಲ್ಲ!"

ಹತ್ತು ವರ್ಷದ ಫೆತು ತಾಯಿಯ ಸೊಂಟ ತಬ್ಬಿಕೊಂಡು ಬಿಕ್ಕುತ್ತಿದ್ದಳು. ಆಸ್ಪತ್ರೆಗೆ ಹೊರಟು ನಿಂತಿದ್ದ ಟೆಲೆಸಿಯಾ ಮಗಳ ಮುಖ ಮೇಲೆತ್ತಿ ತುಟಿಯ ಚಲನೆಯನ್ನು ಓದಿದಳು. ಮಾತು ತಿಳಿಯಿತು, ಕಾರಣ ತಿಳಿಯಲಿಲ್ಲ.

ಸಮೋವಾ ದ್ವೀಪದಲ್ಲಿ ಕಳೆದ ಬಾಲ್ಯದಿಂದಲೂ ಟೆಲೆಸಿಯಾಳ ಎರಡೂ ಕಿವಿ ಸೋರುತ್ತಿದ್ದವು, ಮಾತು ಕೇಳಿಸದಾಗಿತ್ತು. ಕಿವಿಯೊಳಗೆ ಶ್ರವಣಯಂತ್ರ ಇಟ್ಟರೆ ಕೀವು ಇನ್ನಷ್ಟಾಗುತ್ತಿತ್ತು. ಕಡೆಗೆ, ಈಗ ನೆಲೆಸಿದ್ದ ಆಕ್ಲೆಂಡಿನ ವೈದ್ಯರು ಬೇರೆ ದಾರಿ ತೋರಿಸಿದ್ದರು. ಕಿವಿಯ ಹಿಂದಿನ ಮೂಳೆಗೆ ಸಣ್ಣದೊಂದು ತಿರುಪು ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದ ಮೇಲೆ ಶ್ರವಣಯಂತ್ರವನ್ನು ಅದಕ್ಕೆ ಸಿಕ್ಕಿಸುವುದು. ಸದ್ದು ತಲೆಬುರುಡೆಯ ಮೂಲಕವೇ ಒಳಕಿವಿ ಸೇರುತ್ತದೆ. ಪರೀಕ್ಷೆಗೆಂದು ಅಂಥ ಯಂತ್ರವನ್ನು ತಲೆಗೆ ಪಟ್ಟಿಯಲ್ಲಿ ಬಿಗಿದಾಗ, ನರ್ಸ್ ಕಾಗದ ಮಡಿಸಿದ ಸದ್ದು ಕೇಳಿ ಟೆಲೆಸಿಯಾ ಅತ್ತೇಬಿಟ್ಟಿದ್ದಳು. ಪಕ್ಕದಲ್ಲಿದ್ದ ಫೆತು ಮಾತ್ರ ಬಿಳಿಚಿಕೊಂಡಿದ್ದಳು.

ಐದನೇ ವಯಸ್ಸಿನಿಂದ ಆ ಮನೆಯಲ್ಲಿ ತಾಯಿಯ ಕಿವಿಯೆಂದರೆ ಫೆತುವೇ. ಟೆಲೆಸಿಯಾಳ ಅತ್ತೆ ಅಕೆನೆಸೆ ಮುಖ ತಿರುಗಿಸಿಕೊಂಡೇ ಮಾತಾಡುವ ಹೆಂಗಸು. "ಅಜ್ಜಿ ಏನಂದ್ರು?" ಎಂದು ಸೊಸೆ ಕೇಳಿದಾಗೆಲ್ಲ ಮಗಳು ಎದುರು ಬಂದು ದನಿಯಿಲ್ಲದೆ ತುಟಿಯಾಡಿಸಿ ಹೇಳುತ್ತಿದ್ದಳು: ಅಡುಗೆ ಹಿತವಾಗಿದೆಯಂತೆ, ದಣಿದಿದ್ದೀಯ ಮಲಗಬೇಕಂತೆ. ತಬ್ಬಲಿಯಾಗಿ ಬೆಳೆದ ಟೆಲೆಸಿಯಾ ಆ ಮಾತುಗಳಿಗೆ ಕರಗಿ ಅತ್ತೆಯನ್ನು ಹೆತ್ತ ತಾಯಿಯಂತೆ ನೋಡಿಕೊಂಡಳು. ವಿಮಾನ ನಿಲ್ದಾಣದಲ್ಲಿ ಸಾಮಾನು ಹೊರುವ ಗಂಡ ಪೆನಿ ಮನೆಗೆ ಬಂದರೆ ತಲೆ ತಗ್ಗಿಸಿ ಉಂಡು ಏಳುವವನು.

ಶಸ್ತ್ರಚಿಕಿತ್ಸೆಯಾಯಿತು. ಮೂಳೆ ಕೂಡಲು ಮೂರು ತಿಂಗಳು. ಆ ಮೂರು ತಿಂಗಳೂ ಫೆತು ಉಗುರು ಕಚ್ಚುತ್ತಾ, ಊಟ ಅರ್ಧಕ್ಕೆ ಬಿಡುತ್ತಾ ಸೊರಗಿದಳು. ತಾನು ಇನ್ನು ಅಮ್ಮನಿಗೆ ಬೇಡವಾಗುತ್ತೇನೆಂಬ ಭಯವೇ ಮಗುವಿಗೆ...? ಟೆಲೆಸಿಯಾ ಕುಳಿತಲ್ಲಿ ಕೂರಲಾರದೆ ಒದ್ದಾಡಿದಳು.

ಯಂತ್ರ ಸಿಕ್ಕಿಸಿದ ಮೊದಲ ವಾರ ಫ್ರಿಜ್ಜಿನ ಗುಂಯ್‌ಗುಡುವಿಕೆ, ತಾನೇ ಅಗಿಯುವ ಸದ್ದು, ಕೂದಲು ತಾಗಿದರೂ ಗರಗರ. ಭಾನುವಾರ ಚರ್ಚಿನಿಂದ ಬಂದು ಎಲ್ಲರೂ ಊಟಕ್ಕೆ ಕೂತರು. ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನೆಲೆ ಬಾಯಿಗಿಟ್ಟ ಅಕೆನೆಸೆ ಕಿಟಕಿಯತ್ತ ತಿರುಗಿ ಗೊಣಗಿದಳು.

"ಎಲೆ ಬೆಂದೇ ಇಲ್ಲ. ತಲೆಗೆ ಮೊಳೆ ಹೊಡೆಸ್ಕೊಂಡು ಬಂದ್ಲು, ಬುದ್ಧಿ ಮಾತ್ರ ಬರ್ಲಿಲ್ಲ. ನನ್ನ ಮಗನ ಕರ್ಮ, ಈ ಕಿವುಡಿ."

ಫೆತು ಧಡಕ್ಕನೆ ತಾಯಿಯತ್ತ ಬಾಗಿ ದನಿಯಿಲ್ಲದೆ ತುಟಿಯಾಡಿಸಿದಳು. "ಅಮ್ಮಾ... ಅಜ್ಜಿ, ತುಂಬಾ ಚೆನ್ನಾಗಿದೆ ಅಂತಿದ್ದಾರೆ."

ಟೆಲೆಸಿಯಾಳ ಕೈ ತಟ್ಟೆಯಲ್ಲೇ ನಿಂತಿತು. ಐದು ವರ್ಷ ಕೇಳಿದ ಒಂದೊಂದು ಅಕ್ಕರೆಯ ಮಾತೂ ಈ ಮಗುವಿನದೇ! ಅಷ್ಟೂ ವಿಷವನ್ನು ಈ ಎಳೆಯ ಗಂಟಲು ನುಂಗಿಕೊಂಡಿತ್ತೇ...? ಬೆರಳು ಕಿವಿಯ ಹಿಂದಕ್ಕೆ ಹೋಯಿತು. ಕಿತ್ತಿಟ್ಟರೆ ಆಯಿತು, ಹಳೆಯ ಮೌನ, ಹಳೆಯ ಸುಖ. ಆದರೆ ಮಗಳು ಅವಳ ಮುಖವನ್ನೇ ನೋಡುತ್ತಾ ಉಗುರು ಕಚ್ಚುತ್ತಿದ್ದಳು. ಬೆರಳು ಕೆಳಗಿಳಿಯಿತು.

"ಸಾಕು ಮಗಳೇ. ಇನ್ನು ನೀನು ಹೇಳ್ಬೇಡ," ಎಂದು ಅವಳ ಕೈ ಹಿಡಿದುಕೊಂಡು ಅತ್ತೆಯತ್ತ ತಿರುಗಿದಳು. "ಅತ್ತೆ, ನನಗೆ ಕೇಳಿಸ್ತು. ಬೈಯೋದಿದ್ರೆ ನನ್ನ ಮುಖ ನೋಡಿ ಬೈಯಿರಿ. ಮಗು ಬಾಯಲ್ಲಿ ಬೇಡ."

ಅಕೆನೆಸೆ ತಬ್ಬಿಬ್ಬಾದಳು. "ಇವಳು ನಿಂಗೇನು ಹೇಳ್ತಿದ್ಲು?"

"ನಾನು ನಿಮಗೆ ಹೊಟ್ಟೇಲಿ ಹುಟ್ಟಿದ ಮಗಳಿಗಿಂತ ಹೆಚ್ಚು ಅಂತ."

ಮುದುಕಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನು ಬೈದಾಗೆಲ್ಲ ನೀನು ನಗ್ತಾ ಬಂದು ಕಾಲೊತ್ತುತ್ತಿದ್ದೆ... ಇವಳು ನನ್ನ ಮಾತನ್ನೇ ಮುಟ್ಟಿಸ್ತಾಳೆ, ನೀನು ಅಣಕಿಸ್ತೀಯ ಅಂದ್ಕೊಂಡೆ. ಅದಕ್ಕೇ ಇನ್ನೂ ಬೈದೆ."

ಪೆನಿ ಮೊದಲ ಬಾರಿ ತಲೆಯೆತ್ತಿ, ತನಗೆಲ್ಲ ಕೇಳಿಸುತ್ತಿತ್ತು, ತಾನೇ ಸುಮ್ಮನಿದ್ದೆನೆಂದು ಒಪ್ಪಿಕೊಂಡು ಮಗಳ ಎದುರು ಅತ್ತ.

ನಾಲ್ಕು ದಿನ ಅತ್ತೆ ಸೊಸೆಯರ ನಡುವೆ ಮಾತಿರಲಿಲ್ಲ. ಐದನೆಯ ಸಂಜೆ ಅಕೆನೆಸೆ ಅಡುಗೆಮನೆಗೆ ಬಂದು ಸೊಸೆಯ ಎದುರಿಗೇ ಕುರ್ಚಿ ಎಳೆದುಕೊಂಡಳು.

"ತಪ್ಪಾಯ್ತು ಅನ್ನೋಕೆ ನಂಗೆ ಬರಲ್ಲ. ಇನ್ಮೇಲೆ ಮುಖ ನೋಡಿ ಮಾತಾಡ್ತೀನಿ."

"ಸದ್ಯಕ್ಕೆ ಅಷ್ಟು ಸಾಕು ಅತ್ತೆ," ಎಂದಳು ಟೆಲೆಸಿಯಾ. ಅವಳು ನಗಲಿಲ್ಲ.

ಅಷ್ಟರಲ್ಲಿ ಬೀದಿಯ ಆ ಕೊನೆಯಿಂದ, ಮಕ್ಕಳ ಗದ್ದಲದ ನಡುವೆ ಫೆತು ಕೇಕೆ ಹಾಕಿ ನಕ್ಕದ್ದು ಕೇಳಿಸಿತು. ಮಗಳ ನಗು ಅಷ್ಟು ದೂರದಿಂದ ಅವಳನ್ನು ಮುಟ್ಟಿದ್ದು ಅದೇ ಮೊದಲು.