ಬಾಂದುಕಲ್ಲಿನ ಜಾಗದ ಮಾವು

ರಸ್ತೆಗೆ ಹತ್ತಿದ ನೆಲ ಅಕ್ಕನ ಪಾಲಿಗೆ ಹೆಚ್ಚು ಹೋಯಿತೆಂಬ ಉರಿ ದೇವಾನಂದನಿಗೆ ಆರಿರಲಿಲ್ಲ. ಚಿಂಚೋಳಿ ಕಡೆಯ ಆ ಕೆಂಪು ಹೊಲದಲ್ಲಿ ಬೆವರು ಸುರಿಸಿದವನು ಅವನು. ಶಹಾಬಾದಿನ ಗಂಡನ ಮನೆಯಿಂದ ವರ್ಷಕ್ಕೊಮ್ಮೆ ಬಂದು ಹೋಗುವವಳು ಅಕ್ಕ ಸುಂದರಬಾಯಿ. ಆದರೂ ಅಪ್ಪ ಸಾಯುವ ಮುಂಚೆ ಪಂಚರನ್ನು ಕೂಡಿಸಿ, ಹೊಲ ಎರಡು ಮಾಡಿ, ಬಾಂದುಕಲ್ಲು ನೆಟ್ಟುಬಿಟ್ಟಿದ್ದ.

ದೇವಾನಂದ ದುಡುಕುವವನಲ್ಲ. ಸರ್ಕಾರಿ ಅಳತೆ ಇನ್ನೂ ಆಗಿರಲಿಲ್ಲ. ಎರಡೂ ಪಾಲನ್ನು ಅವನೇ ಉಳುತ್ತಿದ್ದುದರಿಂದ ನಡುವೆ ಬದುವೂ ಇರಲಿಲ್ಲ. ಒಂದು ತುದಿಗೆ ಬಾವಿ, ಇನ್ನೊಂದು ತುದಿಗೆ ರಸ್ತೆ ಪಕ್ಕದ ಕಲ್ಲು. ಗಡಿ ಎಂದರೆ ಅಷ್ಟೇ. ಬಾವಿ ಕದಲುವುದಿಲ್ಲ, ಕಲ್ಲು ಕದಲುತ್ತದೆ. ಊರೆಲ್ಲ ಮದುವೆ ಊಟಕ್ಕೆ ಕುಳಿತ ಒಂದು ಮಧ್ಯಾಹ್ನ ಅದನ್ನು ಹಾರೆ ಹಾಕಿ ಕಿತ್ತು, ಮಾವಿನ ಎರಡು ಸಾಲು ಹಿಡಿಯುವಷ್ಟು ದೂರ ಅಕ್ಕನ ಪಾಲಿನೊಳಗೆ ನೆಟ್ಟ. ಹಳೆಯ ಕುಣಿ ಮುಚ್ಚಿ ತುಳಿದ. ಎಷ್ಟು ತುಳಿದರೂ ಅಲ್ಲಿನ ಮಣ್ಣು ಬೇರೆಯಾಗಿಯೇ ಕಾಣುತ್ತಿತ್ತು.

ಆಗ ಹೊಳೆದದ್ದು ಗಿಡ ನೆಡುವ ರೋಬೋಟ್. ಸೇಡಂನಲ್ಲಿ ಅದು ಬಾಡಿಗೆಗೆ ಸಿಗುತ್ತಿತ್ತು. ಹೊಲದ ಮೂಲೆಗಳನ್ನು ತೋರಿಸಿದರೆ ಸಾಕು. ತಾನೇ ನಡೆದು, ತಾನೇ ಕುಣಿ ತೋಡಿ, ಸಸಿ ಇಟ್ಟು ನೀರು ಬಿಡುತ್ತದೆ. ಮನುಷ್ಯ ನೆಟ್ಟ ಸಾಲಿಗೆ ಜನ ನೂರು ಕೊಂಕು ತೆಗೆಯುತ್ತಾರೆ, ಯಂತ್ರ ನೆಟ್ಟ ಸಾಲಿಗೆ ಕೈಮುಗಿಯುತ್ತಾರೆ. ಗಡಿಯ ಮೂಲೆಯೆಂದು ಕಲ್ಲಿನ ಹೊಸ ಜಾಗ ತೋರಿಸಿದ. ಮೊದಲ ಸಸಿ ಮಾತ್ರ ಹಳೆಯ ಕುಣಿಯ ಮೇಲೆಯೇ ಬೀಳುವಂತೆ ಸಾಲು ಹೊಂದಿಸಿಕೊಂಡ. ಅಲ್ಲಿ ಮಾವು ಬೇರು ಬಿಟ್ಟ ಮೇಲೆ ಅಗೆದು ನೋಡುವವರು ಯಾರು? ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ನೆಡುವ ದಿನ ಅಕ್ಕನನ್ನೂ, ಪಂಚರಲ್ಲಿ ಹಿರಿಯರಾದ ಶರಣಬಸಪ್ಪನವರನ್ನೂ ಅವನೇ ಕರೆಸಿದ. ಕದ್ದವನು ಸಾಕ್ಷಿಗಳನ್ನು ಕರೆಯುತ್ತಾನೆಯೇ? ಸುಂದರಬಾಯಿ ತಮ್ಮನಿಗೆ ಇಷ್ಟವೆಂದು ಶೇಂಗಾ ಹೋಳಿಗೆ ಕಟ್ಟಿಕೊಂಡು ಬಂದಿದ್ದಳು. ಒಂದು ಚೂರು ಮುರಿದು, ಉಳಿದದ್ದನ್ನು ಅವನು ಬುತ್ತಿಯಲ್ಲೇ ಬಿಟ್ಟ. ತಾಯಿ ಹೋದ ಮೇಲೆ ಕಂಕುಳಲ್ಲಿ ಹೊತ್ತು ಬೆಳೆಸಿದವಳು ಇವಳೇ. ಈಗಲೂ ಹೇಳಿಬಿಡಬಹುದಿತ್ತು. ನಾಚಿಕೆ ಅಡ್ಡ ಬಂತು.

“ಅಕ್ಕಾ, ಈ ಮಷೀನಿಗೆ ಅಕ್ಕ ಯಾರು, ತಮ್ಮ ಯಾರು ಗೊತ್ತಿರಂಗಿಲ್ಲ. ಬರೋಬರಿ ಗಿಡ ಹಚ್ತದ,” ಅಂದ.

“ನೀ ಇದ್ದಿ ಅಂದಮ್ಯಾಲ ನಾ ಯಾಕ ನೋಡ್ಲಿ ತಮ್ಮಾ,” ಎಂದಳು.

ರೋಬೋಟ್ ಹಳೆಯ ಕುಣಿಯ ಮೇಲೆ ಬಂದು ನಿಂತಿತು. ಅದರ ಬೈರಿಗೆ ಗರ್ರೆಂದು ಇಳಿದು, ದೇವಾನಂದ ಮುಚ್ಚಿದ್ದ ಮಣ್ಣನ್ನು ದಾಟಿ, ಅವನ ಹಾರೆ ಮುಟ್ಟಿರದ ಆಳಕ್ಕೆ ಹೋಯಿತು. ಕೆಂಪು ಮಣ್ಣಿನ ಜೊತೆ ಕರಿಯ ಚೂರುಗಳು ಮೇಲೆ ಬಂದು ಬಿದ್ದವು. ಶರಣಬಸಪ್ಪ ಬಗ್ಗಿ ಒಂದನ್ನು ಎತ್ತಿಕೊಂಡು ಬೆರಳಲ್ಲಿ ತಿಕ್ಕಿದರು, ಆಚೆಗೆ ನಿಂತಿದ್ದ ಕಲ್ಲಿನ ಕಡೆ ನೋಡಿದರು. “ಇದ್ದಲಿ,” ಅಂದರು. “ಕಲ್ಲು ಯಾರರೆ ಸರಿಸಿದ್ರೂ ಗುರುತು ಉಳೀಲಿ ಅಂತ ನಿಮ್ಮಪ್ಪ ಬುಡಕ್ಕ ಹಾಕ್ಸಿದ್ದ. ಹಂಚಿಕಿ ದಿನ ನೀ ಸಿಟ್ಟಿಗೆದ್ದು ಹೋಗಿದ್ದಿ, ನಿನಗೆಲ್ಲಿ ಗೊತ್ತು?” ಸುಂದರಬಾಯಿ ತಮ್ಮನ ಮುಖ ನೋಡಲಿಲ್ಲ. “ನಮ್ಮ ಒಲೀದೇ ಅದು,” ಎಂದಳು. “ನಾನೇ ತಂದು ಕೊಟ್ಟಿದ್ದೆ.”